ಜಾಸ್ಪ್: ಗುಂಪುಗಳ ಸರಾಸರಿ ಹೋಲಿಸಲು ಮೂರು ವರ್ಷದಿಂದ ನಾನು ಬಳಸುತ್ತಿರುವ ತಂತ್ರಾಂಶ

ನಾನು ಗ್ರಾಹಕ ಸೇವೆಯ ತರಬೇತಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೊಸಬರಿಗೆ ಯಾವ ಥರ ಕಲಿಸಿದರೆ ಬೇಗ ಕೈ ಪಳಗುತ್ತದೆ ಅಂತ ಅಳೆದು ನೋಡಿ ವರದಿ ಕೊಡುವುದು ನನ್ನ ಪಾಲಿನ ಕೆಲಸ. ಹಾಗಾಗಿ ದಿನ ಬೆಳಗಾದರೆ ಗುಂಪುಗಳ ಹೋಲಿಕೆ. ಈ ಗುಂಪಿನ ಸರಾಸರಿ ಇಷ್ಟು, ಆ ಗುಂಪಿನದು ಅಷ್ಟು, ಈ ವ್ಯತ್ಯಾಸವನ್ನು ನಂಬಬಹುದಾ? ಈ ಪ್ರಶ್ನೆಗೆ ಮೂರು ವರ್ಷದಿಂದ ಜಾಸ್ಪ್ ಅನ್ನೋ ತಂತ್ರಾಂಶ ಬಳಸುತ್ತಿದ್ದೇನೆ. ಅದರಲ್ಲಿ ಬೇಕಾದಷ್ಟು ವಿಭಾಗಗಳಿವೆ. ಇಲ್ಲಿ ಅನೋವಾ, ಅಂದರೆ ಹಲವು ಗುಂಪುಗಳ ಸರಾಸರಿಯನ್ನು ಒಟ್ಟಿಗೆ ಹೋಲಿಸುವ ವಿಧಾನದ ಬಗ್ಗೆ ಮಾತ್ರ ಬರೆಯುತ್ತೇನೆ, ಯಾಕಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದೇ.

ನನಗೆ ಇದು ತುಂಬ ಇಷ್ಟ. ಅನೋವಾ ಕೊಡುವ ಮೊದಲ ಉತ್ತರ ಬಹಳ ಚಿಕ್ಕದು: "ಎಲ್ಲೋ ಒಂದು ಕಡೆ ವ್ಯತ್ಯಾಸ ಇದೆ." ಎಲ್ಲಿ ಇದೆ, ಎಷ್ಟಿದೆ, ನಂಬಬಹುದಾ ಅನ್ನೋ ಮುಂದಿನ ಪ್ರಶ್ನೆಗಳನ್ನು ಜಾಸ್ಪ್ ಅದೇ ಪುಟದಲ್ಲಿ ಕೈಗೆ ಸಿಗುವ ಹಾಗೆ ಇಟ್ಟಿದೆ. ಅದಕ್ಕೆ ಮುಂಚೆ ನಾನು ಬಳಸುತ್ತಿದ್ದ ಒಂದು ಸ್ಪ್ರೆಡ್‌ಶೀಟ್ ಆಡ್-ಇನ್‌ನಲ್ಲಿ ಮೊದಲ ಉತ್ತರ ಬಂದಲ್ಲಿಗೆ ದಾರಿ ಮುಗಿಯುತ್ತಿತ್ತು.

ಆ ದಾರಿ ಮುಗಿದ ಕಡೆ ನಾನೊಂದು ತಪ್ಪು ಮಾಡಿದ್ದೆ. ಆಗ ಮೂರು ಥರದ ತರಬೇತಿ ನಡೆದಿತ್ತು. ಒಂದು ಗುಂಪಿಗೆ ಕೈಪಿಡಿ ಕೊಟ್ಟು ಓದಿಸಿದ್ದರು. ಇನ್ನೊಂದಕ್ಕೆ ವಿಡಿಯೋ ತೋರಿಸಿದ್ದರು. ಮೂರನೇ ಗುಂಪಿನವರು ಅನುಭವಿ ಸಿಬ್ಬಂದಿಯ ಪಕ್ಕ ಕೂತು ಕಲಿತಿದ್ದರು. ಒಂದು ಕರೆ ಮುಗಿಸಲು ಎಷ್ಟು ನಿಮಿಷ ತಗೊಳ್ಳುತ್ತಾರೆ ಅನ್ನೋದು ನಮ್ಮ ಅಳತೆ. ಆಡ್-ಇನ್ ಎಫ್ (ಅನೋವಾದ ಮುಖ್ಯ ಅಂಕಿ, ಲೆಕ್ಕ ಮುಂದೆ ಬರುತ್ತದೆ) ಮತ್ತು ಪಿ (ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಾಧ್ಯತೆ) ಎರಡನ್ನೂ ಕೊಟ್ಟಿತು. ಯಾವ ಗುಂಪು ಯಾವುದಕ್ಕಿಂತ ಬೇರೆ ಅಂತ ಹೇಳಲಿಲ್ಲ. ಸರಿ, ನಾನೇ ಎರಡೆರಡು ಗುಂಪು ತಗೊಂಡು, ಎರಡು ಸರಾಸರಿಗಳನ್ನು ಹೋಲಿಸುವ ಟಿ-ಟೆಸ್ಟ್ ಮೂರು ಸಲ ಹಾಕಿದೆ. ಮೂರೂ "ವ್ಯತ್ಯಾಸ ಇದೆ" ಅಂದವು. ವರದಿಯಲ್ಲಿ ಹಾಗೇ ಬರೆದೆ. ಸಭೆಯಲ್ಲಿ ನಮ್ಮ ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಮೇಡಂ, ಒಟ್ಟು ಎಷ್ಟು ಸಲ ಟೆಸ್ಟ್ ಮಾಡಿದಿರಿ?" ಮೂರು ಸಲ ಅಂದೆ. "ಹಾಗಾದರೆ ತಪ್ಪೋ ಅವಕಾಶಾನೂ ಮೂರು ಸಲ ಇತ್ತಲ್ಲ" ಅಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ನಿಜವಾಗಿ ವ್ಯತ್ಯಾಸ ಇಲ್ಲದಿದ್ದರೂ ಇದೆ ಅನ್ನುವ ಸಾಧ್ಯತೆ ಒಂದೊಂದು ಟೆಸ್ಟಿಗೆ 5 ಪರ್ಸೆಂಟ್ ಅಂತ ನಾವೇ ಒಪ್ಪಿಕೊಂಡಿರುತ್ತೇವೆ. ಟೆಸ್ಟುಗಳು ಒಂದನ್ನೊಂದು ಅವಲಂಬಿಸಿಲ್ಲ ಅಂದುಕೊಂಡರೆ, ಮೂರು ಟೆಸ್ಟಿನಲ್ಲಿ ಒಂದಾದರೂ ತಪ್ಪುವ ಸಾಧ್ಯತೆ 14 ಪರ್ಸೆಂಟ್ ದಾಟುತ್ತದೆ. ನಾಲ್ಕು ಗುಂಪಿದ್ದರೆ ಆರು ಜೋಡಿ, ಆಗ ಅದು 26 ಪರ್ಸೆಂಟ್. ನಾಲ್ಕು ವರದಿಗೆ ಒಂದು ಸುಳ್ಳು ಸುದ್ದಿ! ಒಂದೇ ಗುಂಪು ಎರಡು ಜೋಡಿಯಲ್ಲಿ ಬರುವುದರಿಂದ ನಿಜವಾದ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ. ಆದರೂ 5 ಅಂತೂ ಅಲ್ಲ. ಆ ರಾತ್ರಿಯೇ ಬೇರೆ ತಂತ್ರಾಂಶ ಹುಡುಕಲು ಕೂತೆ.

ಜಾಸ್ಪ್ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಎರಿಕ್-ಯಾನ್ ವಾಗನ್‌ಮೇಕರ್ಸ್ ಅವರ ತಂಡ ಅದನ್ನು ಬೆಳೆಸಿದೆ. ಹೆಸರಿನ ಮೊದಲ ಅಕ್ಷರ ಹೆರಾಲ್ಡ್ ಜೆಫ್ರೀಸ್ ಅವರದು, ಬೇಸಿಯನ್ ಸಂಖ್ಯಾಶಾಸ್ತ್ರಕ್ಕೆ (ಮೊದಲಿನ ಅಂದಾಜನ್ನು ಹೊಸ ಡೇಟಾದಿಂದ ತಿದ್ದಿಕೊಳ್ಳುವ ವಿಧಾನಕ್ಕೆ) ಬುನಾದಿ ಹಾಕಿದವರಲ್ಲಿ ಒಬ್ಬರು. ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಒಳಗೆ ಲೆಕ್ಕ ಮಾಡುವುದು ಆರ್ ಭಾಷೆ, ಆದರೆ ಬಳಸುವವರು ಒಂದು ಸಾಲು ಕೋಡ್ ಕೂಡ ಬರೆಯಬೇಕಿಲ್ಲ.

ಯಾವ ತಂತ್ರಾಂಶವನ್ನೇ ಆಗಲಿ ನಂಬುವ ಮುಂಚೆ ಒಂದು ಚಿಕ್ಕ ಲೆಕ್ಕವನ್ನು ಕೈಯಲ್ಲಿ ಮಾಡಿ ತಾಳೆ ನೋಡುವುದು ನನ್ನ ಅಭ್ಯಾಸ. ಜಾಸ್ಪ್‌ಗೂ ಹಾಗೇ ಮಾಡಿದೆ. ಲೆಕ್ಕ ಸುಲಭವಾಗಲಿ ಅಂತ ಗುಂಪಿಗೆ ಐದರಂತೆ ಹದಿನೈದು ಅಂಕಿಗಳನ್ನು ನಾನೇ ಕಟ್ಟಿಕೊಂಡೆ. ಇದು ನಿಜವಾದ ಡೇಟಾ ಅಲ್ಲ, ಅಭ್ಯಾಸದ್ದು. ಕೈಪಿಡಿ ಗುಂಪು: 12, 14, 11, 13, 15 ನಿಮಿಷ. ವಿಡಿಯೋ ಗುಂಪು: 10, 11, 9, 12, 8. ಪಕ್ಕ ಕೂತು ಕಲಿತವರು: 9, 7, 8, 10, 6. ಸರಾಸರಿ 13, 10, 8. ನೀವೂ ಒಂದು ಹಾಳೆ ತಗೊಂಡು ಜೊತೆಗೆ ಮಾಡಿ. ಹತ್ತು ನಿಮಿಷದ ಕೆಲಸ, ಅನೋವಾ ಮತ್ತೆ ಮರೆಯುವುದಿಲ್ಲ.

ಇಲ್ಲಿ ಎರಡು ಥರದ ಏರಿಳಿತ ಇದೆ. ಒಂದು, ಗುಂಪಿನ ಒಳಗಿನದು. ಕೈಪಿಡಿ ಓದಿದ ಐವರಿಗೂ ಒಂದೇ ತರಬೇತಿ ಸಿಕ್ಕಿದೆ. ಆದರೂ ಒಬ್ಬರು 11, ಇನ್ನೊಬ್ಬರು 15. ಈ ವ್ಯತ್ಯಾಸಕ್ಕೆ ತರಬೇತಿ ಕಾರಣ ಅಲ್ಲ, ಮನುಷ್ಯರು ಬೇರೆಬೇರೆ, ಅಷ್ಟೇ. ಪ್ರತಿಯೊಬ್ಬರ ಅಂಕಿ ತಮ್ಮ ಗುಂಪಿನ ಸರಾಸರಿಯಿಂದ ಎಷ್ಟು ದೂರ ಅಂತ ನೋಡಿ, ಆ ದೂರದ ವರ್ಗ ಮಾಡಿ ಕೂಡಿಸಬೇಕು. ಗುಂಪಿಗೆ 10 ಬರುತ್ತದೆ, ಮೂರೂ ಸೇರಿ 30. ಇನ್ನೊಂದು, ಗುಂಪು ಗುಂಪಿನ ನಡುವಿನ ಏರಿಳಿತ. ಒಟ್ಟು ಹದಿನೈದು ಜನರ ಸರಾಸರಿ 10.33. ಅಲ್ಲಿಂದ 13, 10, 8 ಎಷ್ಟೆಷ್ಟು ದೂರ ಅಂತ ವರ್ಗ ಮಾಡಿ, ಕೂಡಿಸಿ, ಗುಂಪಿಗೆ ಐದು ಜನ ಇರುವುದರಿಂದ ಐದರಿಂದ ಗುಣಿಸಿದರೆ 63.33.

ಈ ಎರಡು ಮೊತ್ತಗಳನ್ನು ನೇರ ಹೋಲಿಸುವ ಹಾಗಿಲ್ಲ. ಡಿಗ್ರೀಸ್ ಆಫ್ ಫ್ರೀಡಂನಿಂದ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಅಂಕಿಗಳ ಸಂಖ್ಯೆಯಿಂದ ಭಾಗಿಸಬೇಕು. ಮೂರು ಗುಂಪಿನಲ್ಲಿ ಒಂದು ಕಳೆದರೆ 2, ಹದಿನೈದು ಜನರಲ್ಲಿ ಮೂರು ಕಳೆದರೆ 12. ಹಾಗಾಗಿ 63.33 ಭಾಗಿಸು 2, ಅಂದರೆ 31.67. ಆಮೇಲೆ 30 ಭಾಗಿಸು 12, ಅಂದರೆ 2.5. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಿಗುವ 12.67 ಅನ್ನೋದೇ ಎಫ್. ತರಬೇತಿಯಿಂದ ಏನೂ ಫರಕ್ ಆಗಿಲ್ಲ ಅಂದರೆ ಎಫ್ ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುತ್ತದೆ. 2 ಮತ್ತು 12 ಡಿಗ್ರಿಗೆ 5 ಪರ್ಸೆಂಟಿನ ಗಡಿ 3.89. ನಮ್ಮದು ಅದನ್ನು ದಾಟಿ ಎಷ್ಟೋ ಮುಂದೆ ಹೋಗಿದೆ.

ಇದನ್ನು ಕಂಡುಹಿಡಿದವರು ರೊನಾಲ್ಡ್ ಫಿಶರ್. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಯಾವ ಗೊಬ್ಬರ ಹಾಕಿದ ಮಡಿಯಲ್ಲಿ ಬೆಳೆ ಹೆಚ್ಚು ಅಂತ ಹೋಲಿಸುವ ಕೆಲಸದಲ್ಲಿದ್ದಾಗ ಅನೋವಾವನ್ನು ಬೆಳೆಸಿದರು. 1925ರಲ್ಲಿ ಬಂದ ಅವರ ಪುಸ್ತಕದಿಂದ ಅದು ಎಲ್ಲ ಕಡೆ ಹರಡಿತು. ಫಿಶರ್ ಗೌರವಕ್ಕೆ ಎಫ್ ಅಂತ ಅಕ್ಷರ ಕೊಟ್ಟವರು ಅಮೆರಿಕದ ಜಾರ್ಜ್ ಸ್ನೆಡೆಕರ್. ಒಂದೇ ಹೊಲದ ಎರಡು ಮಡಿ ಕೂಡ ಒಂದೇ ಥರ ಇರುವುದಿಲ್ಲ, ಗೊಬ್ಬರದ ಪರಿಣಾಮವನ್ನು ಆ ಸಹಜ ಏರಿಳಿತದ ಮುಂದೆ ಇಟ್ಟು ಅಳೆಯಬೇಕು. ಮಡಿ ಇದ್ದ ಕಡೆ ನಮ್ಮ ಸಿಬ್ಬಂದಿಯನ್ನು ಇಟ್ಟುಕೊಳ್ಳಿ, ಲೆಕ್ಕ ಒಂದಿಷ್ಟೂ ಬದಲಾಗುವುದಿಲ್ಲ.

ಈಗ ಅದೇ ಹದಿನೈದು ಅಂಕಿ ಜಾಸ್ಪ್‌ನಲ್ಲಿ. ಇಲ್ಲಿ ಹೊಸಬರು ಮೊದಲು ಎಡವುವುದು ಡೇಟಾ ಜೋಡಿಸುವುದರಲ್ಲಿ. ಸ್ಪ್ರೆಡ್‌ಶೀಟ್‌ನಲ್ಲಿ ನಾವು ಗುಂಪಿಗೊಂದು ಕಾಲಮ್ ಮಾಡಿ, ಪಕ್ಕಪಕ್ಕ ಮೂರು ಕಾಲಮ್ ಇಡುತ್ತೇವೆ ಅಲ್ವಾ? ಇಲ್ಲಿ ಹಾಗೆ ಇಡಬಾರದು. ಒಬ್ಬ ವ್ಯಕ್ತಿಗೆ ಒಂದು ಸಾಲು. ಒಂದು ಕಾಲಮ್‌ನಲ್ಲಿ ಗುಂಪಿನ ಹೆಸರು, ಇನ್ನೊಂದರಲ್ಲಿ ನಿಮಿಷ. ಅಂದರೆ ಹದಿನೈದು ಸಾಲು, ಎರಡು ಕಾಲಮ್. ಸಿಎಸ್‌ವಿ ಆಗಿ ಉಳಿಸಿ ತೆರೆದರೆ ಸಾಕು.

ಎರಡನೆಯ ಎಡವು ಕಾಲಮ್ ತಲೆಯ ಪಕ್ಕದ ಚಿಕ್ಕ ಚಿತ್ರ. ಅಳತೆಯ ಕಾಲಮ್‌ಗೆ ಸ್ಕೇಲ್‌ಪಟ್ಟಿ, ಹೆಸರಿನ ಕಾಲಮ್‌ಗೆ ಮೂರು ವೃತ್ತ. ಗುಂಪುಗಳಿಗೆ ಹೆಸರಿನ ಬದಲು 1, 2, 3 ಅಂತ ಸಂಖ್ಯೆ ಕೊಟ್ಟಿದ್ದರೆ ಈ ಚಿತ್ರವನ್ನು ಒಂದು ಸಲ ನೋಡಿಕೊಳ್ಳಿ. ಇಲ್ಲಿ 3 ಅನ್ನೋದು 1ರ ಮೂರು ಪಟ್ಟು ಅಲ್ಲ, ಸುಮ್ನೆ ಒಂದು ಚೀಟಿ. ನಾನಂತೂ ಈಗ ಸಂಖ್ಯೆ ಹಾಕುವುದನ್ನೇ ಬಿಟ್ಟಿದ್ದೇನೆ. "ವಿಡಿಯೋ" ಅಂತಲೇ ಬರೆಯುತ್ತೇನೆ. ಆರು ತಿಂಗಳು ಬಿಟ್ಟು ಫೈಲ್ ತೆರೆದಾಗ 2 ಅಂದರೆ ಯಾವುದು ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಆಮೇಲೆ ಮೇಲಿನ ಪಟ್ಟಿಯಲ್ಲಿ ಅನೋವಾ ಒತ್ತಿ, ನಿಮಿಷವನ್ನು ಡಿಪೆಂಡೆಂಟ್ ವೇರಿಯಬಲ್ ಡಬ್ಬಿಗೆ, ಗುಂಪನ್ನು ಫಿಕ್ಸ್ಡ್ ಫ್ಯಾಕ್ಟರ್ಸ್ ಡಬ್ಬಿಗೆ ಎಳೆದು ಹಾಕಬೇಕು. "ರನ್" ಅನ್ನೋ ಬಟನ್ ಹುಡುಕಬೇಡಿ, ಇಲ್ಲ. ಎಳೆದು ಬಿಟ್ಟ ತಕ್ಷಣ ಬಲಗಡೆ ಟೇಬಲ್ ತುಂಬುತ್ತದೆ. 63.333, 2, 31.667. ಕೆಳಗೆ 30, 12, 2.5. ಎಫ್ 12.667. ಪಿ 0.001. ನನ್ನ ಹಾಳೆಯಲ್ಲಿ ಇದ್ದದ್ದೇ ಪರದೆ ಮೇಲೂ ಇತ್ತು. ಆ ಕ್ಷಣದ ಖುಷಿ ಈಗಲೂ ನೆನಪಿದೆ.

ನನ್ನ ಹಳೇ ಆಡ್-ಇನ್ ನಿಲ್ಲುತ್ತಿದ್ದದ್ದು ಇಲ್ಲೇ. ಜಾಸ್ಪ್‌ನಲ್ಲಿ ಎಡಗಡೆ ಪೋಸ್ಟ್ ಹಾಕ್ ಟೆಸ್ಟ್ಸ್ ಅನ್ನೋ ಪಟ್ಟಿ ಬಿಚ್ಚಿ ಗುಂಪನ್ನು ಬಲಕ್ಕೆ ಎಳೆದರೆ ಮೂರು ಜೋಡಿಗಳ ಟೇಬಲ್ ಬರುತ್ತದೆ, ಟುಕಿ ವಿಧಾನದಲ್ಲಿ. ಮೂರೂ ಜೋಡಿ ಸೇರಿ ತಪ್ಪುವ ಸಾಧ್ಯತೆ 5 ಪರ್ಸೆಂಟ್ ದಾಟದ ಹಾಗೆ ಇದು ಗಡಿಯನ್ನು ಬಿಗಿ ಮಾಡುತ್ತದೆ. ನಮ್ಮ ಹದಿನೈದು ಜನರ ಲೆಕ್ಕದಲ್ಲಿ ಎರಡು ಸರಾಸರಿಗಳ ನಡುವೆ ಸುಮಾರು 2.67 ನಿಮಿಷಕ್ಕಿಂತ ಜಾಸ್ತಿ ಅಂತರ ಇದ್ದರೆ ಮಾತ್ರ ವ್ಯತ್ಯಾಸ ಅಂತ ಒಪ್ಪುತ್ತದೆ. ಕೈಪಿಡಿಗೂ ವಿಡಿಯೋಗೂ 3 ನಿಮಿಷದ ಅಂತರ, ಪಾಸ್. ಕೈಪಿಡಿಗೂ ಪಕ್ಕ ಕೂರುವುದಕ್ಕೂ 5, ಅದೂ ಪಾಸ್. ವಿಡಿಯೋಗೂ ಪಕ್ಕ ಕೂರುವುದಕ್ಕೂ 2 ನಿಮಿಷ. ಇದು ಪಾಸ್ ಆಗುವುದಿಲ್ಲ.

ಇದೇ ಜೋಡಿಯನ್ನು ನೀವು ಒಂಟಿಯಾಗಿ ಟಿ-ಟೆಸ್ಟಿಗೆ ಹಾಕಿದರೆ ಗಡಿಯ ತೀರಾ ಹತ್ತಿರಕ್ಕೆ ಬರುತ್ತದೆ. ಎರಡೂ ಕಡೆ ಹರಡು (ಗುಂಪಿನ ಒಳಗಿನ ಏರಿಳಿತ) ಒಂದೇ ಇರುವುದರಿಂದ ಟಿ ಬೆಲೆ ಸರಿಯಾಗಿ 2, ಗಡಿ 2.31. ಇನ್ನೊಂದಿಬ್ಬರು ಜನ ಜಾಸ್ತಿ ಇದ್ದಿದ್ದರೆ, ಅಂಕಿ ಒಂದಿಷ್ಟು ಆಚೀಚೆ ಆಗಿದ್ದರೆ, "ಪಕ್ಕ ಕೂರುವುದೇ ಎಲ್ಲಕ್ಕಿಂತ ಮೇಲು" ಅಂತ ಬರೆದುಬಿಡುತ್ತಿದ್ದೆ. ಆ ಒಂದು ಸಾಲಿನ ಮೇಲೆ ನಿರ್ಧಾರ ನಿಂತಿರುತ್ತದೆ. ಹೊಸಬರ ಪಕ್ಕ ಅನುಭವಿಗಳನ್ನು ಕೂರಿಸಿದರೆ ಅವರ ಸ್ವಂತ ಕೆಲಸ ಅಷ್ಟೂ ಹೊತ್ತು ನಿಲ್ಲುತ್ತದೆ. ವಿಡಿಯೋಗೆ ಆ ಕಷ್ಟ ಇಲ್ಲ. ಎರಡರ ನಡುವೆ ವ್ಯತ್ಯಾಸ ಇದೆ ಅಂತ ಡೇಟಾ ಇನ್ನೂ ತೋರಿಸದಿದ್ದಾಗ ಅನುಭವಿಗಳ ಸಮಯವನ್ನು ಅದಕ್ಕೆ ಸುರಿಯುವುದು ಹೇಗೆ?

ಆದರೆ "ವ್ಯತ್ಯಾಸ ತೋರಲಿಲ್ಲ" ಅನ್ನೋದನ್ನು "ಎರಡೂ ಒಂದೇ" ಅಂತ ಓದಬಾರದು. ಇದನ್ನು ನಾನು ಜಾಸ್ಪ್‌ನ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂತರ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅಂತ ಹೇಳುವ ವ್ಯಾಪ್ತಿ) ಟಿಕ್ ಮಾಡಿ ಕಲಿತೆ. ವಿಡಿಯೋ ಮತ್ತು ಪಕ್ಕ ಕೂರುವುದರ ನಡುವಿನ ಅಂತರ ಮೈನಸ್ 0.67ರಿಂದ 4.67 ನಿಮಿಷದವರೆಗೆ ಎಲ್ಲಾದರೂ ಇರಬಹುದು ಅಂತ ತೋರಿಸುತ್ತದೆ. ನಾಲ್ಕೂವರೆ ನಿಮಿಷ ಅಂದರೆ ಚಿಕ್ಕ ಮಾತಲ್ಲ. ಐದು ಐದು ಜನರಿಂದ ಇಷ್ಟು ಮಾತ್ರ ತಿಳಿಯುತ್ತದೆ, ಜಾಸ್ತಿ ತಿಳಿಯಬೇಕಾದರೆ ಜಾಸ್ತಿ ಜನ ಬೇಕು. ಈಗ ನನ್ನ ಎಲ್ಲ ವರದಿಯಲ್ಲೂ ಪಿ ಪಕ್ಕ ಈ ಎರಡು ಅಂಕಿ ಇರುತ್ತವೆ. ಓದುವವರಿಗೆ ನಿಮಿಷದ ಭಾಷೆ ತಕ್ಷಣ ಅರ್ಥ ಆಗುತ್ತದೆ, ಪಿ ಭಾಷೆ ಎಲ್ಲರಿಗೂ ಆಗುವುದಿಲ್ಲ.

ಪರಿಣಾಮ ಎಷ್ಟು ದೊಡ್ಡದು ಅನ್ನೋದಕ್ಕೆ ಈಟಾ ಸ್ಕ್ವೇರ್ಡ್, ಒಮೆಗಾ ಸ್ಕ್ವೇರ್ಡ್ ಟಿಕ್ ಡಬ್ಬಿಗಳಿವೆ. ಒಟ್ಟು ಏರಿಳಿತದಲ್ಲಿ ಎಷ್ಟು ಪಾಲು ಗುಂಪಿನಿಂದ ಬಂತು ಅಂತ ಇವು ಹೇಳುತ್ತವೆ. ನಮ್ಮ ಲೆಕ್ಕಕ್ಕೆ ಈಟಾ 0.68, ಒಮೆಗಾ 0.61. ಚಿಕ್ಕ ಗುಂಪುಗಳಲ್ಲಿ ಈಟಾ ಸ್ವಲ್ಪ ಉಬ್ಬಿಸಿ ಹೇಳುತ್ತದೆ, ಅದಕ್ಕೆ ನಾನು ಒಮೆಗಾ ಬರೆಯುತ್ತೇನೆ. ಅಭ್ಯಾಸದ ಅಂಕಿ ಆದ್ದರಿಂದ ಇಷ್ಟು ದೊಡ್ಡದು ಬಂದಿದೆ. ನಿಜವಾದ ಕೆಲಸದಲ್ಲಿ 0.06 ಬಂದರೆ ಮಧ್ಯಮ, 0.14 ಬಂದರೆ ದೊಡ್ಡದು ಅಂತ ಲೆಕ್ಕ.

ಇನ್ನು ನಂಬಿಕೆಯ ಪ್ರಶ್ನೆ. ಕಳೆದ ವರ್ಷದ ಒಂದು ಬ್ಯಾಚಿನಲ್ಲಿ ಗುಂಪುಗಳು ಸಮ ಇರಲಿಲ್ಲ. ಕೈಪಿಡಿಗೆ 14 ಜನ, ವಿಡಿಯೋಗೆ 11, ಪಕ್ಕ ಕೂತವರು 6. ಅಸಂಪ್ಷನ್ ಚೆಕ್ಸ್ ಅನ್ನೋ ಪಟ್ಟಿಯಲ್ಲಿ ಹೋಮೋಜಿನಿಟಿ ಟೆಸ್ಟ್ ಒತ್ತಿದೆ. ಅದು ಲೆವೀನ್ ಟೆಸ್ಟ್, ಗುಂಪುಗಳ ಹರಡು ಒಂದೇ ಥರ ಇದೆಯಾ ಅಂತ ನೋಡುತ್ತದೆ. ಇರಲಿಲ್ಲ. ಆರೇ ಜನರಿದ್ದ ಗುಂಪಿನಲ್ಲೇ ಹರಡು ಎಲ್ಲಕ್ಕಿಂತ ಜಾಸ್ತಿ. ಚಿಕ್ಕ ಗುಂಪಿಗೆ ಹರಡು ಜಾಸ್ತಿ ಇದ್ದಾಗ ಮಾಮೂಲಿ ಎಫ್ ಸುಳ್ಳು ಎಚ್ಚರಿಕೆ ಕೊಡುವುದು ಹೆಚ್ಚು. ಪಕ್ಕದಲ್ಲೇ ವೆಲ್ಚ್ ಅನ್ನೋ ಡಬ್ಬಿ ಇತ್ತು, ಟಿಕ್ ಮಾಡಿದೆ. ಟೇಬಲ್ಲಿಗೆ ಇನ್ನೊಂದು ಸಾಲು ಬಂತು. ಅದರಲ್ಲಿ ಡಿಗ್ರೀಸ್ ಆಫ್ ಫ್ರೀಡಂ ದಶಮಾಂಶದಲ್ಲಿ ಇತ್ತು. ಮೊದಲ ಸಲ ನೋಡಿದಾಗ ಏನೋ ಕೆಟ್ಟಿದೆ ಅಂತ ಗಾಬರಿಯಾದೆ. ಕೆಟ್ಟಿಲ್ಲ, ಹರಡಿನ ವ್ಯತ್ಯಾಸಕ್ಕೆ ತಕ್ಕಂತೆ ವೆಲ್ಚ್ ಅದನ್ನು ಇಳಿಸುತ್ತದೆ. ಜೋಡಿ ಹೋಲಿಕೆಗೆ ಟುಕಿ ಬಿಟ್ಟು ಗೇಮ್ಸ್-ಹಾವೆಲ್ ಆರಿಸಿಕೊಂಡೆ. ಅದು ಸಮ ಹರಡನ್ನು ಕೇಳುವುದಿಲ್ಲ.

ಆ ದಿನ ನನಗೆ ಎಲ್ಲಕ್ಕಿಂತ ಉಪಯೋಗ ಆಗಿದ್ದು ರೇನ್‌ಕ್ಲೌಡ್ ಪ್ಲಾಟ್. ಪ್ರತಿ ವ್ಯಕ್ತಿಗೂ ಒಂದು ಚುಕ್ಕೆ, ಅದರ ಪಕ್ಕ ಡಬ್ಬಿಚಿತ್ರ (ಬಾಕ್ಸ್ ಪ್ಲಾಟ್), ಅದರ ಮೇಲೆ ಮೋಡದ ಹಾಗೆ ಹರಡು. ಪಕ್ಕ ಕೂತ ಆರು ಜನರಲ್ಲಿ ಮೂರು ಚುಕ್ಕೆ ಒಂದು ತುದಿಯಲ್ಲಿ, ಮೂರು ಇನ್ನೊಂದು ತುದಿಯಲ್ಲಿ, ನಡುವೆ ಖಾಲಿ. ಸರಾಸರಿ ಬಂದು ಆ ಖಾಲಿ ಜಾಗದಲ್ಲಿ ಕೂತಿತ್ತು! ವಿಚಾರಿಸಿದರೆ ಆ ಆರು ಜನ ಇಬ್ಬರು ಬೇರೆಬೇರೆ ಅನುಭವಿಗಳ ಹತ್ತಿರ ಕಲಿತಿದ್ದರು. ಒಬ್ಬರು ಪ್ರತಿ ಕರೆ ಆದ ಮೇಲೂ ನಿಲ್ಲಿಸಿ ವಿವರಿಸುತ್ತಿದ್ದರು. ಇನ್ನೊಬ್ಬರಿಗೆ ತಮ್ಮ ಕೆಲಸದ ಒತ್ತಡದಲ್ಲಿ ಅಷ್ಟು ಬಿಡುವು ಇರಲಿಲ್ಲ. ಆರು ಜನರಿಂದ ಖಚಿತವಾಗಿ ಏನೂ ಹೇಳಲಾಗದು. ಆದರೆ ಮುಂದಿನ ಸಲ ಏನು ಕೇಳಬೇಕು ಅನ್ನೋದು ಗೊತ್ತಾಯಿತು. ಬರೀ ಸರಾಸರಿಯ ಕಂಬಗಳ ಗ್ರಾಫ್ ನೋಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

ಸಮಯದ ಡೇಟಾಗೆ ಇನ್ನೊಂದು ಗುಣ ಇದೆ. ಹೆಚ್ಚಿನ ಕರೆಗಳು ಬೇಗ ಮುಗಿಯುತ್ತವೆ, ಕೆಲವು ಎಳೆಯುತ್ತಾ ಹೋಗುತ್ತವೆ. ಬಾಲ ಒಂದೇ ಕಡೆ ಉದ್ದ. ಡೇಟಾ ಗಂಟೆಯಾಕಾರದ ಸಹಜ ಹರಡಿಗೆ ಹೊಂದುತ್ತದಾ ಅಂತ ತೋರಿಸುವ ಕ್ಯೂ-ಕ್ಯೂ ಪ್ಲಾಟ್ ಟಿಕ್ ಮಾಡಿದರೆ ಚುಕ್ಕೆಗಳು ಗೆರೆ ಬಿಟ್ಟು ಮೇಲಕ್ಕೆ ಬಾಗುವುದು ಕಾಣುತ್ತದೆ. ಬಾಗು ಸ್ವಲ್ಪ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಜಾಸ್ತಿ ಇದ್ದರೆ ಲಾಗ್ ತಗೊಂಡ ಹೊಸ ಕಾಲಮ್ ಅಲ್ಲೇ ಮಾಡಿಕೊಳ್ಳಬಹುದು, ಅಥವಾ ಅದೇ ಅನೋವಾ ಪುಟದ ಕ್ರುಸ್ಕಲ್-ವಾಲಿಸ್ ಟೆಸ್ಟ್ (ಅಂಕಿಗಳ ಬದಲು ಅವುಗಳ ಕ್ರಮಾಂಕ ಹೋಲಿಸುವುದು) ನೋಡಬಹುದು.

ಎರಡು ಫ್ಯಾಕ್ಟರ್ ಹಾಕುವುದೂ ಅಷ್ಟೇ ಸುಲಭ. ತರಬೇತಿ ಒಂದು, ಮುಂಚೆ ಇಂಥ ಕೆಲಸ ಮಾಡಿದ್ದಾರಾ ಇಲ್ವಾ ಅನ್ನೋದು ಇನ್ನೊಂದು. ಎರಡನ್ನೂ ಡಬ್ಬಿಗೆ ಎಳೆದರೆ ಇಂಟರಾಕ್ಷನ್ ಸಾಲು (ಒಂದರ ಪರಿಣಾಮ ಇನ್ನೊಂದನ್ನು ಅವಲಂಬಿಸಿದೆಯಾ ಅಂತ ಹೇಳುವುದು) ತಾನಾಗೇ ಬರುತ್ತದೆ. ನಮ್ಮಲ್ಲಿ ಒಮ್ಮೆ ಗ್ರಾಫಿನ ಗೆರೆಗಳು ಅಡ್ಡ ಹಾಯ್ದಿದ್ದವು. ಅನುಭವ ಇದ್ದವರಿಗೆ ಕೈಪಿಡಿಯೇ ಚೆನ್ನಾಗಿ ಆಗಿತ್ತು, ಅನುಭವ ಇಲ್ಲದವರಿಗೆ ಪಕ್ಕ ಕೂರುವುದು. ಅಂಥ ಕಡೆ "ಒಟ್ಟಾರೆ ಯಾವುದು ಮೇಲು" ಅನ್ನೋ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಡಿಸ್ಕ್ರಿಪ್ಟಿವ್ಸ್ ಪ್ಲಾಟ್‌ನಲ್ಲಿ ಎರಡು ಬೇರೆ ಗೆರೆ ಹಾಕಿಸಿ ನೋಡಿ, ಟೇಬಲ್ ಓದುವ ಮುಂಚೆಯೇ ಕಥೆ ಗೊತ್ತಾಗುತ್ತದೆ.

ಜಾಸ್ಪ್ ಹೇಳದೇ ಬಿಡುವ ವಿಷಯವೂ ಒಂದಿದೆ. ಇದು ಅದರ ದೋಷ ಅಲ್ಲ, ಯಾವ ತಂತ್ರಾಂಶಕ್ಕೂ ಇದು ಗೊತ್ತಾಗುವ ಹಾಗಿಲ್ಲ. ಒಮ್ಮೆ 24 ಜನರ ತಲಾ ಹತ್ತು ಕರೆಗಳ ಸಮಯ ಸಿಕ್ಕಿತು. 240 ಸಾಲು. ನಾನು ಹಾಗೇ ಎಳೆದು ಹಾಕಿದೆ. ಎಫ್ ಭಾರಿ ದೊಡ್ಡದಾಗಿ ಬಂತು. ಕೆಳಗಿನ ಸಾಲಿನಲ್ಲಿ ಡಿಗ್ರೀಸ್ ಆಫ್ ಫ್ರೀಡಂ 237 ಅಂತ ಕಂಡಾಗ ಕೈ ನಿಂತಿತು. ನನ್ನ ಹತ್ತಿರ ಇರುವುದು 24 ಜನ, ಅದು 21 ಇರಬೇಕಿತ್ತಲ್ಲ! ಒಬ್ಬರೇ ಮಾಡಿದ ಹತ್ತು ಕರೆಗಳು ಹತ್ತು ಬೇರೆ ಜನರ ಕರೆಗಳಿಗೆ ಸಮ ಅಲ್ಲ. ನಿಧಾನ ಮಾತಾಡುವವರು ಹತ್ತರಲ್ಲೂ ನಿಧಾನವೇ. ಪ್ರತಿಯೊಬ್ಬರ ಹತ್ತು ಕರೆಗೆ ಒಂದು ಸರಾಸರಿ ಮಾಡಿ, 24 ಸಾಲಿನ ಫೈಲ್ ಕಟ್ಟಿ ಮತ್ತೆ ಹಾಕಿದೆ. ವ್ಯತ್ಯಾಸ ಉಳಿಯಲಿಲ್ಲ. ಅಂದಿನಿಂದ ಟೇಬಲ್ ಬಂದ ಕೂಡಲೇ ಮೊದಲು ನೋಡುವುದು ಪಿ ಅಲ್ಲ, ರೆಸಿಡ್ಯುಯಲ್ಸ್ (ಗುಂಪಿನ ಒಳಗಿನ ಏರಿಳಿತದ) ಸಾಲಿನ ಡಿಗ್ರೀಸ್ ಆಫ್ ಫ್ರೀಡಂ. ಅದು ನನ್ನ ಜನರ ಲೆಕ್ಕಕ್ಕೆ ತಾಳೆ ಆದರೆ ಮಾತ್ರ ಮುಂದೆ.

ಯಾರನ್ನು ಯಾವ ಗುಂಪಿಗೆ ಹಾಕಿದರು ಅನ್ನೋದೂ ಅಷ್ಟೇ ಮುಖ್ಯ. ಚುರುಕಾದವರನ್ನು ಆರಿಸಿ ಅನುಭವಿಗಳ ಪಕ್ಕ ಕೂರಿಸಿದ್ದರೆ ಫಲಿತಾಂಶ ತರಬೇತಿಯದ್ದೋ ಆ ಜನರದ್ದೋ ಹೇಳಲಾಗದು. ಈಗ ನಾವು ಚೀಟಿ ಎತ್ತಿ ಹಂಚುತ್ತೇವೆ.

ಕೊರತೆ ಅಂತ ಹೇಳಬೇಕಾದರೆ, ಗಲೀಜಾಗಿರುವ ಡೇಟಾ ತೊಳೆಯುವ ಕೆಲಸಕ್ಕೆ ಸ್ಪ್ರೆಡ್‌ಶೀಟೇ ವಾಸಿ. ಅಲ್ಲಿ ಸರಿಮಾಡಿ ಇಲ್ಲಿಗೆ ತನ್ನಿ. ಪ್ರತಿ ವಾರ ಐವತ್ತು ವರದಿ ತಾನಾಗೇ ಬರಬೇಕು ಅನ್ನುವವರು ನೇರವಾಗಿ ಆರ್ ಕಲಿಯುವುದು ಒಳ್ಳೆಯದು. ಟಿಕ್ ಡಬ್ಬಿಗಳು ತುಂಬ ಇವೆ. ಮೊದಲ ವಾರ ಕಂಡದ್ದನ್ನೆಲ್ಲ ಟಿಕ್ ಮಾಡಿ, ಸ್ಕ್ರೋಲ್ ಮಾಡಿದಷ್ಟೂ ಮುಗಿಯದ ಟೇಬಲ್‌ಗಳು ಬಂದು ದಿಕ್ಕು ತಪ್ಪುವುದು ಸಹಜ. ಯಾವ ಡಬ್ಬಿ ಟಿಕ್ ಮಾಡುತ್ತೇನೆ ಅಂತ ಡೇಟಾ ನೋಡುವ ಮುಂಚೆಯೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕು ಪೋಸ್ಟ್ ಹಾಕ್ ಟಿಕ್ ಮಾಡಿ, ಇಷ್ಟವಾದ ಉತ್ತರ ಕೊಟ್ಟದ್ದನ್ನು ಆರಿಸುವುದು ನಾನು ಮೂರು ಟಿ-ಟೆಸ್ಟ್ ಹಾಕಿದಷ್ಟೇ ತಪ್ಪು.

ಉಳಿಸಿದ ಫೈಲ್‌ನಲ್ಲಿ ಡೇಟಾ, ಆರಿಸಿದ ಡಬ್ಬಿಗಳು, ಫಲಿತಾಂಶ, ನಾವು ಬರೆದ ಟಿಪ್ಪಣಿ ಎಲ್ಲ ಒಟ್ಟಿಗೆ ಇರುತ್ತವೆ. ಸಹೋದ್ಯೋಗಿಗೆ ಕಳಿಸಿದರೆ ನಾನು ಮಾಡಿದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ಆದರೆ ಡೇಟಾ ಒಳಗೇ ಇರುತ್ತದೆ ಅನ್ನೋದು ನೆನಪಿರಲಿ. ಸಿಬ್ಬಂದಿಯ ಹೆಸರಿನ ಕಾಲಮ್ ಇದ್ದರೆ ಕಳಿಸುವ ಮುಂಚೆ ತೆಗೆಯಿರಿ.

ಮೂರಕ್ಕಿಂತ ಹೆಚ್ಚು ಗುಂಪು ಹೋಲಿಸುವ ಪ್ರಾಜೆಕ್ಟ್ ಇರುವ ವಿದ್ಯಾರ್ಥಿಗಳಿಗೆ, ನನ್ನ ಹಾಗೆ ಕಚೇರಿಯಲ್ಲಿ ಒಬ್ಬರೇ ಕೂತು ಇಂಥ ವರದಿ ಬರೆಯುವವರಿಗೆ, ಮನಸಾರೆ ಹೇಳುತ್ತೇನೆ: ಇಳಿಸಿಕೊಳ್ಳಿ. ಮೇಲೆ ಕೊಟ್ಟ ಹದಿನೈದು ಅಂಕಿಗಳಿಂದ ಶುರು ಮಾಡಿ. 12.667 ಬರದಿದ್ದರೆ ಗುಂಪಿನ ಕಾಲಮ್ ಚಿತ್ರ ನೋಡಿ, ಮುಕ್ಕಾಲು ಪಾಲು ತಪ್ಪು ಅಲ್ಲೇ ಇರುತ್ತದೆ.

ನಮ್ಮಲ್ಲಿ ಮುಂದಿನ ಬ್ಯಾಚಿಗೆ ನಾಲ್ಕನೇ ಗುಂಪು ಸೇರುತ್ತಿದೆ, ಅರ್ಧ ವಿಡಿಯೋ, ಅರ್ಧ ಪಕ್ಕ ಕೂರುವುದು. ಈ ಸಲ ಆರು ಜೋಡಿಯನ್ನೂ ಹೋಲಿಸುವುದಿಲ್ಲ. ಹಳೇ ಕೈಪಿಡಿಯನ್ನು ಆಧಾರ ಇಟ್ಟುಕೊಂಡು ಉಳಿದ ಮೂರನ್ನು ಅದರ ಜೊತೆ ಮಾತ್ರ ಹೋಲಿಸುವುದಕ್ಕೆ ಡನ್ನೆಟ್ ಅನ್ನೋ ಡಬ್ಬಿ ಇದೆ. ಚೀಟಿಯಲ್ಲಿ ಅದೊಂದನ್ನೇ ಬರೆದು, ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಹಿರಿಯರಿಂದಲೇ ಸಹಿ ಹಾಕಿಸಿ ಇಟ್ಟಿದ್ದೇನೆ.